ರಾಡಿಯ ಮೇಲೆ ಹಲಗೆ ಹಾಸಿದ ಯಂಕವ್ವ

ಬೆಳಗಿನ ಆರು ಗಂಟೆ. ಪುಣೆಯ ವಿಮಾನ ನಿಲ್ದಾಣದ ಗೋಡೆಯಾಚೆ ಏಳುತ್ತಿರುವ ಕಟ್ಟಡದ ಮೂರನೇ ಮಹಡಿಯಲ್ಲಿ ಯಂಕವ್ವ ಮೊಣಕಾಲೂರಿ ಮೊಳೆ ಹೊಡೆಯುತ್ತಿದ್ದಾರೆ. ಎರಡು ಮೊಳೆ ಹಲ್ಲಲ್ಲಿ, ಒಂದು ಬೆರಳಲ್ಲಿ. ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಹಲಗೆಗಳನ್ನು ಜೋಡಿಸುವುದು, ಅಂದರೆ ಸೆಂಟ್ರಿಂಗ್, ಇವರ ಕಸುಬು.

ಕೆಳಗಿನಿಂದ ಗಂಡ ಅವ್ವಣ್ಣ ಹಲಗೆ ಏರಿಸುತ್ತಾರೆ. "ಇಕಿ ಮೇಸ್ತ್ರಿ, ನಾ ಇಕಿ ಕೈಯಾಳ್ರಿ. ಮನ್ಯಾಗೂ ಅದೇ, ಇಲ್ಲೂ ಅದೇ."

"ಮಾತ್ ಸಾಕ್ ಮಾಡ್ರಿ, ಹಲಗಿ ಕೊಡ್ರಿ," ಮೇಲಿನಿಂದ ಉತ್ತರ.

ಸುರಪುರದ ಕಡೆಯಿಂದ ಹದಿನೇಳನೇ ವಯಸ್ಸಿಗೆ ಬಂದ ಯಂಕವ್ವನಿಗೆ ಈಗ ನಲವತ್ತಾರು. ಹತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತರು. ಹೆಂಗಸರ ಕೈಗೆ ಸುತ್ತಿಗೆ ಕೊಡುವ ರೂಢಿಯೇ ಇರಲಿಲ್ಲ. ಅವ್ವಣ್ಣ ಕೈ ಮುರಿದುಕೊಂಡ ವರ್ಷ ತಾವೇ ಎತ್ತಿಕೊಂಡರು, ಮತ್ತೆ ಕೆಳಗಿಡಲಿಲ್ಲ. ಈಗ ದಿನಕ್ಕೆ ನೂರು ಹಲಗೆ, ಎರಡು ಕಿಲೋ ಮೊಳೆ. ರಾತ್ರಿ ರೊಟ್ಟಿ ಬಡಿಯುವಾಗ ಬಲಗೈ ಮಾತು ಕೇಳುವುದಿಲ್ಲ.

ಹೋದ ಆಷಾಢದ ಒಂದು ಸಂಜೆ, ಎದುರಿನದು ಕಾಣದಂಥ ಮಳೆಯಲ್ಲಿ ಇಳಿಯುತ್ತಿದ್ದ ಪ್ರಯಾಣಿಕರ ವಿಮಾನವೊಂದು ರನ್‌ವೇ ದಾಟಿ, ಗೋಡೆ ಒಡೆದು, ಇವರ ಕಟ್ಟಡದೆದುರಿನ ಬಯಲಿಗೆ ನುಗ್ಗಿ ನಿಂತಿತು. ಒಂಬತ್ತು ಜನ ಸತ್ತರು. ಆಚೆ ಬದಿಯ ರೆಕ್ಕೆ ಉರಿಯುತ್ತಿತ್ತು. ಈಚೆ ಬಾಗಿಲಿನಿಂದ ಜಾರಿ ಇಳಿದವರು ಮೊಣಕಾಲುದ್ದದ ರಾಡಿಯಲ್ಲಿ ಹೂತು ನಿಂತರು. ಚಪ್ಪಲಿ, ಬೂಟು ಎಲ್ಲ ರಾಡಿ ಪಾಲು. ಗಟ್ಟಿ ನೆಲ ನಲವತ್ತು ಹೆಜ್ಜೆ ದೂರ; ಇಂಧನದ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಮರುದಿನದ ಸ್ಲ್ಯಾಬಿಗೆಂದು ಆರು ದಿನ ಕೂತು ಜೋಡಿಸಿದ್ದ ಹಲಗೆಗಳನ್ನು ಯಂಕವ್ವ ಹಾರೆಯಿಂದ ಮೀಟಿ ಕೆಳಗೆಸೆದರು. "ಕೆಲಸ ಮಾಡಸೂ ಮುಕಾದಮ ಒದರಿದ, 'ಏ ಬಾಯೀ, ಸ್ಲ್ಯಾಬ್ ಹೋತು' ಅಂತ. 'ಸ್ಲ್ಯಾಬ್ ನಾಳಿ ಹಾಕೂಣು, ಈ ಮಂದಿ ನಾಳಿ ಇರ್ತಾರೇನು' ಅಂದೆ."

ಮೀಟಿದ ಹಲಗೆಯ ಒಂದು ಮೈ ತುಂಬ ಮೊಳೆಯ ಚೂಪು. ಆ ಮೈ ಕೆಳಗೆ ಮಾಡಿ ಹಾಸಿದರೆ ಬರಿಗಾಲಿಗೆ ಚುಚ್ಚುವುದಿಲ್ಲ, ಹಲಗೆಯೂ ರಾಡಿಯನ್ನು ಕಚ್ಚಿ ಹಿಡಿದು ಜಾರುವುದಿಲ್ಲ. ಗಂಡ ಹೆಂಡತಿ ಹಾಗೇ ಸಾಲು ಹಾಸಿದರು. ತುದಿಯಲ್ಲಿ ನಿಂತ ಯಂಕವ್ವ "ಏಕ್ ಏಕ್ ಯಾ" ಎಂದು ಮರಾಠಿಯಲ್ಲಿ ಒಬ್ಬೊಬ್ಬರನ್ನೇ ಕರೆದರು. ಸೂಟ್‌ಕೇಸ್ ಹೊತ್ತು ನುಗ್ಗಿದವನೊಬ್ಬನ ಸೂಟ್‌ಕೇಸನ್ನು ಕಿತ್ತು ಎಸೆದರು. "ಬೈದನ್ರಿ ನನಗ. ಇರ್ಲಿ, ಬೈಯಾಕ ಜೀವ ಇತ್ತಲ್ಲ."

ಮೂವತ್ತೊಂದು ಜನ ದಾಟಿದರು. ಆಮೇಲೆ ಹಲಗೆಗಳಿಗೂ ಬೆಂಕಿ ಹತ್ತಿತು.

ಮರುದಿನ ಪತ್ರಿಕೆಗಳಲ್ಲಿ 'ಸ್ಥಳೀಯರು ನೆರವಾದರು' ಎಂದಷ್ಟೇ ಬಂತು. ಹೆಸರು ಬರಲಿಲ್ಲವಲ್ಲ ಎಂದು ಕೇಳಿದರೆ ಯಂಕವ್ವ ಹಲ್ಲಿನ ಮೊಳೆ ತೆಗೆದು ಕೈಯಲ್ಲಿ ಹಿಡಿಯುತ್ತಾರೆ.

"ಭಾಳ ಹೊಗಳಬ್ಯಾಡ್ರಿ. ಮೊದಲನೇ ಹಲಗಿ ಗಡಿಬಿಡ್ಯಾಗ ಹೆಂಗ ಬಿತ್ತೋ ಹಂಗ ಬಿಟ್ಟಿದ್ದೆ, ಮೊಳಿ ಮ್ಯಾಲ ಮಾಡಿ. ಹಳದಿ ಕುರ್ತಾದ ಹುಡುಗಿ ಅದರ ಮ್ಯಾಲೇ ಕಾಲಿಟ್ಲು. ಆಕಿ ಚೀರಿದ ಮ್ಯಾಲೆ ನನಗ ಖಬರ್ ಬಂತು, ಅದನ್ನೂ ಉಳದದ್ದನ್ನೂ ಹೊಳ್ಳಿಸಿ ಹಾಕಿದೆ. ಹಿಂದಿನ ಮೂವತ್ತು ಮಂದಿ ಆಕಿ ಕಾಲಿನ ಪುಣ್ಯೇಕ ದಾಟ್ಯಾರ್ರಿ. ನನ್ನ ಹೆಸರು ಬರದ್ರ ಅದನ್ನೂ ಬರೀರಿ. ಪೇಪರು ಆಕಿ ಕೈಗೆ ಸಿಕ್ಕರೂ ಸಿಗಬಹುದು. ಗಾಯ ಮಾಯ್ದದೋ ಇಲ್ಲೋ, ಒಂದ್ ಮಾತು ತಿಳಸವಾ ಅಂತ ಬರೀರಿ."