ಕುಡುಗೋಲು ಹಕ್ಕಿಯ ತಲೆಗೆ ಕಟ್ಟಿದ ಸುಳ್ಳು

ನಾನು ಚಿಕ್ಕವಳಿದ್ದಾಗ, ಅಂದರೆ ಎಂಟು ವರ್ಷದವಳು, ಈಗ್ಗೆ ಅರವತ್ತನಾಲ್ಕು ವರ್ಷದ ಹಿಂದೆ, ತಮಿಳು ಸೀಮೆಯ ಗಿಂಡಿ ಎಂಬ ಊರಿನಲ್ಲಿ ನಮ್ಮ ಮನೆಯ ಹಿಂದೆ ಬರೀ ಹುಲ್ಲುಬಯಲು. ಅಪ್ಪ ಉಡುಪಿ ಕಡೆಯಿಂದ ಬಂದು ಪಟ್ಟಣದ ಪ್ಯಾರೀಸ್ ಕಾರ್ನರಿನ ಒಂದು ಹೋಟೆಲಿನಲ್ಲಿ ಅಡುಗೆಗೆ ನಿಂತಿದ್ದರು. ಬೇಸಿಗೆಯಲ್ಲಿ ಹೋಟೆಲಿಗೆ ಬೇಕಾದ ಅಕ್ಕಿ ಸಂಡಿಗೆ ನಮ್ಮ ಮನೆಯಲ್ಲೇ ಆಗಬೇಕು. ಅಕ್ಕ ಹಿಟ್ಟು ಬೇಯಿಸಿ ಹಳೆಯ ಪಂಚೆಯ ಮೇಲೆ ಒತ್ತುತ್ತಿದ್ದಳು. ಕೋಲು ಹಿಡಿದು ಕಾಯುವುದು ನನ್ನ ಕೆಲಸ.

ಆ ಹುಲ್ಲಿಗೆ ದಿನಾ ಏಳು ಹಕ್ಕಿ ಬರುತ್ತಿದ್ದವು. ಮೈ ಕಪ್ಪು, ಹೆಗಲಲ್ಲಿ ಬಿಳಿ ಮಚ್ಚೆ, ನೆತ್ತಿ ಕುಂಕುಮ ಮೆತ್ತಿದ ಹಾಗೆ ಕೆಂಪು, ಕೊಕ್ಕು ಕುಡುಗೋಲಿನ ಹಾಗೆ ಬಾಗಿದ್ದು. ಪುಸ್ತಕದಲ್ಲಿ ಕರಿ ಕೆಂಬರಲು ಅಂತ ಇದೆಯಂತೆ. ನಮಗೆ ಕುಡುಗೋಲು ಹಕ್ಕಿ. ಕೂಗಿದರೆ ಕಿವಿ ಮುಚ್ಚಬೇಕು. ಆದರೆ ಅವು ಒಣನೆಲದ ಬಿರುಕಿಗೆ ಕೊಕ್ಕು ತೂರಿಸಿ ಹುಳ ಎಳೆಯುವುದನ್ನು ನೋಡುತ್ತಾ ಕೂತರೆ ಬಿಸಿಲು ಗೊತ್ತಾಗುತ್ತಿರಲಿಲ್ಲ. ಸಂಡಿಗೆಯ ಹತ್ತಿರ ಅವು ಒಂದು ದಿನವೂ ಬಂದದ್ದಿಲ್ಲ.

ತಿಂದದ್ದು ನಾನು. ಅರೆ ಒಣಗಿದ ಸಂಡಿಗೆ ಮೇಲೆ ಗರಿಗರಿ, ಒಳಗೆ ಮೆತ್ತಗೆ, ಉಪ್ಪು ಜೀರಿಗೆಯ ರುಚಿ. ಒಂದು ಬಾಯಿಗೆ ಹಾಕಿದರೆ ಕೈ ನಿಲ್ಲುವುದಿಲ್ಲ. ಆ ದಿನ ಅರ್ಧ ಪಂಚೆ ಬರಿದಾಗಿತ್ತು.

ಸಂಜೆ ಅಪ್ಪ ಬಂದು ನೋಡಿದರು. "ಎಂತ ಹೆಣ್ಣೇ, ಇಷ್ಟೇ ಉಂಟಾ?"

"ಕುಡುಗೋಲು ಹಕ್ಕಿ ತಿಂದುಹೋಯ್ತು ಅಪ್ಪ."

"ಹಕ್ಕಿಗೆ ನಿನ್ನಷ್ಟು ದೊಡ್ಡ ಹೊಟ್ಟೆ ಉಂಟಾ ಮಾರಾಯ್ತಿ?" ಎಂದಳು ಅಕ್ಕ.

ಅಪ್ಪ ಮಾತ್ರ ನಂಬಿಬಿಟ್ಟರು. ಪಕ್ಕದ ಬೀದಿಯಲ್ಲಿ ಬಲೆ ಹಾಕಿ ಹಕ್ಕಿ ಹಿಡಿಯುವವನೊಬ್ಬನಿದ್ದ. ಬೆಳಿಗ್ಗೆ ಬಂದು ಏಳನ್ನೂ ಹಿಡಿದುಕೊಂಡು ಹೋಗು ಎಂದು ಅವನಿಗೆ ಹೇಳಿಬಂದರು. ಹಿಡಿದರೆ ಅವನ ಮನೆಯ ಸಾರಿಗೇ. ನಿಜ ಹೇಳೋಣವೆಂದರೆ, ಅಪ್ಪನ ಕೈ ಬೆನ್ನಿಗೆ ಬಿದ್ದರೆ ದೋಸೆ ಕಾವಲಿ ತಾಗಿದ ಹಾಗೆ.

ಈಗ ಆ ಕಡೆಯೆಲ್ಲ ಮೆಟ್ರೋ ಓಡುತ್ತದೆ. ಮೊಮ್ಮಕ್ಕಳೇ, ನಿಮಗೆ ಸಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕಾಯುವ ಕೆಲಸವಿಲ್ಲ, ಕದ್ದು ತಿನ್ನುವ ಸುಖವೂ ಇಲ್ಲ. "ಅಜ್ಜಿ, ಆ ಪಕ್ಷಿ ಎಲ್ಲಾ ಎಂಗೆ ಪೋಚ್ಚು?" ಎಂದು ತಮಿಳಿನಲ್ಲಿ ಕೇಳುತ್ತೀರಿ. ಎಲ್ಲಿಗೆ ಹೋದವೋ ನನಗೂ ಗೊತ್ತಿಲ್ಲ. ಓಡಿಸಿದ್ದು ಮಾತ್ರ ನಾನೇ.

ಮರುದಿನ ಬೆಳಿಗ್ಗೆ, ಬಲೆಯವನು ಬರುವ ಮೊದಲೇ, ಹುಲ್ಲಿಗೆ ಇಳಿದೆ. ಏಳೂ ಇದ್ದವು. ಅವಕ್ಕೆ ನನ್ನ ಗುರುತಿತ್ತು, ಕದಲಲಿಲ್ಲ. ಕೋಲು ಬೀಸಿದೆ, ತಟ್ಟೆ ಬಡಿದೆ, ಕೊನೆಯದೂ ಹಾರಿಹೋಗುವ ತನಕ ಓಡಿಸಿದೆ. ಆಮೇಲೆ ಬಂದು ಸಂಡಿಗೆ ಕಾಯಲು ಕೂತೆ. ಆ ದಿನ ಒಂದೂ ತಿನ್ನಲಿಲ್ಲ.