ಲಾಲಬಿಯ ಸೆಗಣಿ ಕುಡಿಕೆ, ವಿಲಾಯತಿ ಕುಡಿಕೆ

ಇಂಡಿ ಊರ ಹೊರಗಿನ ಬಾವಿಯ ಬದಿಯಲ್ಲಿ ಕೋಳಿ ಕೂಗುವ ಹೊತ್ತಿಗೇ ಪಟ್ ಪಟ್ ಸದ್ದು ಶುರುವಾಗುತ್ತದೆ. ಗೊತ್ತಿಲ್ಲದವರು ಯಾರೋ ರೊಟ್ಟಿ ಬಡಿಯುತ್ತಿದ್ದಾರೆ ಎಂದುಕೊಂಡು ಮುಂದೆ ಹೋಗುತ್ತಾರೆ. ಬಡಿಯುತ್ತಿರುವವಳು ಲಾಲಬಿ ಬಾಗವಾನ, ಆಕೆಯ ಕೈಯಲ್ಲಿರುವುದು ಸೆಗಣಿ. ಸೆಗಣಿಗೆ ಎರೆಮಣ್ಣು, ಜೋಳದ ಹೊಟ್ಟು ಸೇರಿಸಿ ಕಲಸಿ, ಹಳೆಯ ಒನಕೆಯ ತುಂಡಿನ ಸುತ್ತ ಮೆತ್ತಿ, ತಟ್ಟಿ, ತಿರುವಿ ಎಳೆದರೆ ಅಂಗೈಯಗಲದ ಕುಡಿಕೆಯೊಂದು ಈಚೆ ಬರುತ್ತದೆ. ಬಿಸಿಲೇರುವುದರೊಳಗೆ ಇಂಥವು ನೂರಿಪ್ಪತ್ತು. ನೆರಳಲ್ಲಿ ಒಣಗಿದ ಮೇಲೆ ಒಂದೊಂದರಲ್ಲೂ ಒಂದೊಂದು ಲಿಂಬೆ ಸಸಿ.

ನಲವತ್ತೈದು ದಾಟಿದ ಲಾಲಬಿ ಈ ಕೆಲಸವನ್ನು ಕಲಿತದ್ದು ಅತ್ತೆ ಮಾಬುಬಿಯಿಂದ. ಅತ್ತೆಯ ಕಾಲದಲ್ಲಿ ಸಸಿ ಕಿತ್ತು ಹಸಿ ಗೋಣಿಯಲ್ಲಿ ಸುತ್ತಿ ಗಾಡಿಗೆ ಹಾಕುತ್ತಿದ್ದರು. ಸಿಂದಗಿ ಮುಟ್ಟುವುದರೊಳಗೆ ಅರ್ಧ ಬಾಡುತ್ತಿದ್ದವು. ಬಾಗೇವಾಡಿ, ಮುದ್ದೇಬಿಹಾಳದ ಮಾತು ಕೇಳುವುದೇ ಬೇಡ. ಆಗ ಅತ್ತೆ ಸೊಸೆ ಸೇರಿ ಕಂಡುಕೊಂಡದ್ದು ಈ ಕುಡಿಕೆ. "ಬೇರಿಗೆ ಗಾಳಿ ತಾಕಬಾರದ್ರಿ," ಎನ್ನುತ್ತಾಳೆ ಲಾಲಬಿ. "ಕುಡಿಕಿ ಸಮೇತ ನೆಲಕ್ಕ ಇಟ್ರ, ಗಿಡಕ್ಕ ತಾ ಮನಿ ಬಿಟ್ಟದ್ದ ಗೊತ್ತಾಗೂದಿಲ್ಲ." ಚಳಿಗಾಲದಲ್ಲಿ ಬೆರಳು ಸೀಳಿ ರಕ್ತ ಜಿನುಗುತ್ತದೆ. ದಿನಕ್ಕೆ ಅರವತ್ತು ಕೊಡ ನೀರು ಸೇದಬೇಕು. ಅದಕ್ಕೆ ಜೊತೆಯಾಗಿ ಶೇವಂತೆವ್ವ ಇದ್ದಾಳೆ, ಇಪ್ಪತ್ತು ವರ್ಷದ ಗೆಳತಿ.

ಈ ಬೇಸಿಗೆಯಲ್ಲಿ ಗ್ರಾಮಸೇವಕ ಶಂಕರೆಪ್ಪ ಸೈಕಲ್ಲಿಗೆ ಒಂದು ಕಟ್ಟು ಬಿಗಿದುಕೊಂಡು ಬಂದರು. ಒಳಗೆ ಕಂದುಬಣ್ಣದ ನೂರು ಕುಡಿಕೆ, ಎತ್ತಿದರೆ ಹತ್ತಿಯಷ್ಟು ಹಗುರ. ಹಿತ್ತಲ ಗಿಡ ಮದ್ದಲ್ಲವಲ್ಲ, ಕಡಲಾಚೆಯಿಂದ ಬಂದದ್ದಕ್ಕೆ ಮರ್ಯಾದೆಯೇ ಬೇರೆ. ಲಾಲಬಿ ಒಂದನ್ನು ಮೂಸಿದಳು, ಅಂಚು ಮುರಿದು ಬೆರಳಲ್ಲಿ ತಿಕ್ಕಿದಳು.

"ಇದರಾಗ ಏನ ಹಾಕ್ಯಾರ್ರಿ ಸಾಹೇಬ್ರ?"

"ಚಳಿ ದೇಶದಾಗ ಜವುಳು ನೆಲ ಇರತದವ್ವಾ. ಅಲ್ಲಿ ಸಾವಿರಾರು ವರ್ಷ ಕೊಳತ ಪಾಚಿ ಅಗದು, ಒಣಗಿಸಿ, ಒತ್ತಿ ಮಾಡ್ತಾರ. ನೆಲದಾಗ ತಾನ ಕರಗತೈತಿ."

"ಅಂದ್ರ ಅವರೂ ನಮ್ಹಂಗ ಕೊಳತದ್ದನ್ನ ತಟ್ಟತಾರ," ಎಂದು ಲಾಲಬಿ ನಕ್ಕಳು. ಈ ಕುಡಿಕೆ ಇಲ್ಲಿ ಬಾಳುತ್ತದೋ ಇಲ್ಲವೋ ನೋಡಿಯೇ ಬಿಡೋಣ ಎಂದು ನೂರರಲ್ಲೂ ಸಸಿ ಇಟ್ಟಳು.

ಮುಂಗಾರಿನ ಮಿರ್ಗ ಮಳೆ ಬಿದ್ದಾಗ ಅವುಗಳಲ್ಲಿ ಅರವತ್ತು ಹಲಸಂಗಿಯ ಮಡಿವಾಳಪ್ಪನವರ ಹೊಲಕ್ಕೆ ಹೋದವು. ಉಳಿದವು ಆಕೆಯ ಪಾತಿಯಲ್ಲೇ ಉಳಿದವು. ಹಲಸಂಗಿಗೆ ತಾನೇ ಹೋಗಿ ನೆಟ್ಟುಬಂದಳು. ಲಾಲಬಿಗೆ ಒಂದು ರೂಢಿಯಿದೆ: ಕುಡಿಕೆಯ ಅಂಚು ನೆಲದಿಂದ ಒಂದು ಬೆರಳು ಮೇಲಿರಬೇಕು. ಹಾಕಿದ ನೀರು ಆಚೆ ಹರಿಯುವುದಿಲ್ಲ, ಕಾಂಡ ಕಡಿಯುವ ಹುಳು ಒಳಗೆ ಬರುವುದಿಲ್ಲ. ವಿಲಾಯತಿ ಕುಡಿಕೆಯನ್ನೂ ಅಲ್ಲಿ ಹೊಲದಲ್ಲಿ, ಇಲ್ಲಿ ಪಾತಿಯಲ್ಲಿ ಹಾಗೆಯೇ ಇಟ್ಟಳು.

ಎರಡು ಮಳೆಯಾಗಿ ಬಾನು ಬಿಗಿಯಿತು, ಗಾಳಿ ಬೀಸತೊಡಗಿತು. ತಿಂಗಳೊಳಗೆ ಎರಡೂ ಕಡೆ ಸಸಿಗಳು ಹಳದಿ ತಿರುಗಿದವು. ಪಾತಿಯ ಒಂದನ್ನು ಕಿತ್ತು ನೋಡಿದರೆ ಕುಡಿಕೆ ಹಪ್ಪಳದಂತೆ ಒಣಗಿತ್ತು. ಬೇರು ಒಳಗೇ ಸುತ್ತಿ ಸುತ್ತಿ ಕೂತಿತ್ತು. "ಈ ಕುಡಿಕಿ ಸುಳ್ಳ, ಕಿತ್ತ ಒಗೀರಿ," ಎಂದು ಲಾಲಬಿ ತೀರ್ಪು ಕೊಟ್ಟಳು. ಗಂಡ ಕಾಸಿಂಸಾಬ ಲಿಂಬೆ ಮಾರುವ ಸಂತೆಯಲ್ಲಿ ಕೂತು, ಕೇಳಿದವರಿಗೆಲ್ಲ ಹಾಗೆಯೇ ಹೇಳಿದಳು. ಲಿಂಬೆಯ ವಿಷಯದಲ್ಲಿ ಈ ಸೀಮೆಯಲ್ಲಿ ಆಕೆಯ ಮಾತೇ ಮಾತು. ಮಡಿವಾಳಪ್ಪನವರೂ ನಂಬಿದರು. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವಂತಿಲ್ಲ. ಮಂಗಳವಾರ ಸಸಿ ಮುರಿದು ತೊಗರಿ ಬಿತ್ತುತ್ತೇನೆಂದು ಹೇಳಿ ಕಳಿಸಿದರು.

ಆ ಸೋಮವಾರ ಬೆಳಿಗ್ಗೆ ನೀರು ಹಾಕುತ್ತಿದ್ದ ಶೇವಂತೆವ್ವ ಕರೆದಳು. "ಅಕ್ಕಾ, ಇಲ್ಲಿ ನೋಡ. ಇದೊಂದ ಹಸರ ಐತಿ."

ಹಿಂದೊಮ್ಮೆ ಎಮ್ಮೆಯೊಂದು ಪಾತಿಗೆ ನುಗ್ಗಿ ಬದು ತುಳಿದು ಹೋಗಿತ್ತು. ಕುಸಿದ ಮಣ್ಣು ಆ ಒಂದು ಕುಡಿಕೆಯ ಅಂಚನ್ನು ಪೂರ್ತಿ ಮುಚ್ಚಿತ್ತು. ಲಾಲಬಿ ಬೆರಳಿಂದ ಮಣ್ಣು ಬಿಡಿಸಿದಳು. ಕುಡಿಕೆ ನೆನೆದ ರೊಟ್ಟಿಯಂತೆ ಮೆತ್ತಗಾಗಿತ್ತು. ಬಿಳಿ ಬೇರು ಸುತ್ತಲೂ ತೂರಿ ಹೊರಬಂದಿತ್ತು. ಅಲ್ಲೇ ಕುಕ್ಕರಿಸಿದಳು. ಎರೆಮಣ್ಣಿನ ತನ್ನ ಕುಡಿಕೆಯ ಅಂಚು ನೀರನ್ನು ಕಾಯುತ್ತಿತ್ತು. ವಿಲಾಯತಿ ಕುಡಿಕೆಯ ಮೇಲೆದ್ದ ಅಂಚು ಮಾಡಿದ್ದೇ ಬೇರೆ. "ಬತ್ತಿ ಎಣ್ಣಿ ಎಳದಂಗ ಒಳಗಿನ ನೀರ ಎಳದು ಗಾಳಿಗೆ ಕೊಡತಿತ್ರಿ," ಎಂದು ಈಗ ವಿವರಿಸುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತಲ್ಲ ತನ್ನ ಬಾಳು ಎಂದು ಆಕೆಗೆ ಬಹಳ ನಾಚಿಕೆಯಾಯಿತು. ನಾಚಿಕೆಗಿಂತ ದೊಡ್ಡ ಚಿಂತೆ ಹಲಸಂಗಿಯ ಅರವತ್ತು ಜೀವದ್ದು.

ಮಧ್ಯಾಹ್ನದ ಬಸ್ಸು ಹಿಡಿದು ಹೋದಳು. ಮಡಿವಾಳಪ್ಪ ನೇಗಿಲಿನ ಮಿಣಿ ಹಗ್ಗ ಸರಿ ಮಾಡುತ್ತಿದ್ದರು.

"ಕಾಕಾ, ಸಸಿ ಮುರೀಬ್ಯಾಡ್ರಿ."

"ಕಿತ್ತ ಒಗೀರಿ ಅಂದಾಕಿ ನೀನ ಅಲ್ಲೇನವ್ವಾ?"

"ನಾನ ಅಂದಿದ್ದೆ. ತಪ್ಪ ಕುಡಿಕಿದಲ್ಲ, ನನ್ನ ಕೈದು."

ಮಡಿವಾಳಪ್ಪ ಮಿಣಿಯನ್ನು ಕೆಳಗಿಟ್ಟರು. "ಇಷ್ಟ ದೂರ ಬಂದು ಹೇಳಾಕತ್ತಿ ಅಂದ್ರ ಹದಿನೈದ ದಿನ ತಡೀತೇನಿ," ಎಂದರು. ಇಬ್ಬರೂ ಕೂತು ಒಂದೊಂದೇ ಕುಡಿಕೆಯ ಅಂಚು ಹರಿದು, ಪಕ್ಕ ಸೀಳಿ, ನೀರು ಕುಡಿಸಿ ಮಣ್ಣು ಏರಿಸಿದರು. ಅರವತ್ತರಲ್ಲಿ ನಲವತ್ಮೂರು ಇಂದು ಚಿಗುರಿ ನಿಂತಿವೆ. ಸತ್ತ ಹದಿನೇಳರ ಬದಲಿಗೆ ಲಾಲಬಿ ತನ್ನ ಸೆಗಣಿ ಕುಡಿಕೆಯ ಸಸಿ ಒಯ್ದು ನೆಟ್ಟಿದ್ದಾಳೆ.

ಹಾಗಾದರೆ ವಿಲಾಯತಿ ಕುಡಿಕೆ ಒಳ್ಳೆಯದೋ, ಅಲ್ಲವೋ? ಆಕೆ ಒಂದೇ ಮಾತಿನಲ್ಲಿ ಮುಗಿಸುವವಳಲ್ಲ. "ಬಾವಿ ಹತ್ರ ಇದ್ದವರಿಗೆ ಛಲೋ ಐತ್ರಿ. ನೂರ ಕುಡಿಕಿ ಒಂದ ಬುಟ್ಟ್ಯಾಗ ಹೊರಬಹುದು. ನನ್ನವು ಗಾಡಿಗೆ ಹತ್ತಿಪ್ಪತ್ತ ಒಡೀತಾವ, ಒಮ್ಮೊಮ್ಮೆ ಸೆಗಣಿ ಹುಳಾನೂ ಬೀಳತಾವ. ಆದ್ರ ಎಂಟ ದಿನಕ್ಕೊಮ್ಮೆ ನೀರ ಕಾಣೂ ಹೊಲಕ್ಕ ನನ್ನದ ವಾಸಿ. ಬದನಿ, ಮೆಣಸಿನಕಾಯಿಗೆ ಯಾವ ಕುಡಿಕೀನೂ ಬ್ಯಾಡ್ರಿ, ಪಾತಿಯಿಂದ ಕಿತ್ತ ಹಚ್ಚಿದ್ರ ನಡೀತದ."

ಕಳೆದ ವಾರ ಶಂಕರೆಪ್ಪ ಮತ್ತೆ ಬಂದಿದ್ದರು. ಬ್ಲಾಕ್ ಕಚೇರಿಗೆ ವರದಿ ಕಳಿಸಬೇಕಂತೆ; ಕುಡಿಕೆ ಹೇಗಿದೆ ಎಂದು ಬರೆಯಲು ಕಾಗದದಲ್ಲಿ ಒಂದೇ ಸಾಲಿನ ಜಾಗ. ಏನು ಬರೆಯಲಿ ಎಂದು ಆಕೆಯನ್ನೇ ಕೇಳಿದರು. ಲಾಲಬಿ ಸೆಗಣಿಯ ಕೈಯನ್ನು ಬಾನಿಯಲ್ಲಿ ತೊಳೆದುಕೊಂಡಳು.

"ಇನ್ನೂ ಬರೀಬ್ಯಾಡ್ರಿ ಸಾಹೇಬ್ರ. ಕುಡಿಕಿ ಸುಳ್ಳ ಅಂತ ಮೂವತ್ತೇಳ ಮಂದಿಗೆ ಹೇಳೇನಿ. ತಪ್ಪ ನಂದು ಅಂತ ಇಪ್ಪತ್ತಾರ ಮಂದಿಗೆ ತಿರುಗಿ ಹೇಳಿ ಬಂದೇನಿ. ಉಳದವರು ಮುದ್ದೇಬಿಹಾಳದ ಕಡೆ ಅದಾರ. ಅವರ ಹೊಲಕ್ಕೂ ಹೋಗಿ ಹೇಳಿ ಬರ್ತೇನಿ, ಆಮ್ಯಾಲ ಬರೀರಿ."