ಗೊಸಲ ದಿಣ್ಣೆಗೆ ನಾನು ಕಟ್ಟಿದ ಕಥೆ

ಮೆಟ್ಟೂರು ಅಣೆಕಟ್ಟೆಯ ಹಿನ್ನೀರು ತುಂಬಿದಾಗ ನಮ್ಮೂರ ಮುಂದಿನ ಗೊಸಲ ದಿಣ್ಣೆ ನಡುಗಡ್ಡೆಯಾಗುತ್ತದೆ. ಗೊಸಲ ಎಂದರೇನು, ಯಾವ ಕಾಲದ ಮಾತು, ಯಾರಿಗೂ ಗೊತ್ತಿಲ್ಲ. ಪ್ರತಿಸಲ ನೀರು ಸುತ್ತುವರಿದ ಮೇಲೆ ಮನೆಯ ಹಿರಿಯ ಹೆಂಗಸು ಹರಿಗೋಲಿನಲ್ಲಿ ಹೋಗಿ, ಇಳಿಯುವ ಮೊದಲು ಅದರ ಮಣ್ಣು ಮುಟ್ಟಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಹೇಳುವವಳು ದೊಡ್ಡಮ್ಮ, ನನ್ನ ತಾಯಿಯ ಅಕ್ಕ.

"ನಿಂಗೆ ಗೊಸಲ ಅಂತ ಎಸ್ರಿಟ್ಟೋರು ಯಾರೋ ಗೊತ್ತಿಲ್ಲ ತಾಯಿ. ಗೊತ್ತಿಲ್ದೆ ಬಂದಿವಿ, ಇಳಿಸ್ಕೊ."

ನಾನು ಹರೂರಿನಲ್ಲಿ ತಮಿಳಿನಲ್ಲಿ ಚರಿತ್ರೆ ಪಾಠ ಮಾಡುವ ಮೇಷ್ಟ್ರು. ಗೊತ್ತಿಲ್ಲ ಎನ್ನುವುದು ನನ್ನ ಬಾಯಲ್ಲಿ ಬರುವ ಮಾತಲ್ಲ. ಹೋದ ವರ್ಷ ಜೊತೆಯ ಮೇಷ್ಟ್ರುಗಳನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಅವರು ಆ ಹೆಸರಿನ ಮೂಲ ಕೇಳಿದರು. ದೊಡ್ಡಮ್ಮ ಅವರ ತಮಿಳಿನಲ್ಲೇ "ತೆರಿಯಾದು ಸಾಮಿ", ಗೊತ್ತಿಲ್ಲ ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಇವರೆಲ್ಲ ನಮ್ಮನ್ನು ಏನೂ ಅರಿಯದ ಕಾಡುಜನ ಅಂದುಕೊಳ್ಳುತ್ತಾರಲ್ಲ ಎಂದು, ನಿಂತ ನಿಲುವಿನಲ್ಲೇ ಒಂದು ಕಥೆ ಹೊಸೆದೆ. ಹಳೆಯ ಕಾಲದ ಪಾಳೆಗಾರ, ಅವನ ಮಗಳು ಗೊಸಲಿ, ಊರು ಉಳಿಸಲು ಹೊಳೆಗೆ ಹಾರಿದಳು ಇತ್ಯಾದಿ. ಒಬ್ಬರು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ನಾಚಿಕೆಗೇಡಿನ ಮಾತು, ಆವತ್ತು ಹೆಮ್ಮೆಯಿಂದ ಬೀಗಿದ್ದೆ.

ಆ ವಿಡಿಯೋ ಊರಿನ ಫೋನುಗಳನ್ನೆಲ್ಲ ಸುತ್ತಿ ದೊಡ್ಡಮ್ಮನಿಗೂ ಮುಟ್ಟಿತ್ತು. ಈ ವರ್ಷ ನೀರು ಏರಿದಾಗ ಅವಳ ಜೊತೆ ನಾನೂ ಹರಿಗೋಲು ಹತ್ತಿದೆ. ದಡ ಮುಟ್ಟಿದರೂ ಅವಳು ಆ ಮಾತು ಹೇಳಲಿಲ್ಲ. ಸೆರಗಿನ ಗಂಟಿನಿಂದ ಹಸಿರು ಬಳೆಗಳನ್ನು ತೆಗೆದಳು.

"ಗೊಸಲಿಯಮ್ಮಾ, ತಪ್ಪಾಯ್ತು. ಇಷ್ಟು ವರ್ಸ ನಿನ್ನ ಎದುರ್ಗೇ ಗೊತ್ತಿಲ್ಲ ಅಂತ ಸುಳ್ಳು ಏಳ್ಬುಟ್ಟೆ. ನಮ್ಮತ್ತೇನೂ ಅಂಗೇ ಏಳ್ತಿದ್ಲು. ಅವಳ್ದೂ ಮನ್ನಿಸ್ಬುಡು."

ಅವಳ ಕೈ ಹಿಡಿದುಕೊಂಡೆ.

"ದೊಡ್ಡಮ್ಮಾ, ಆ ಕತೆ ನಾನೇ ಕಟ್ಟಿದ್ದು. ಅಂತಾ ಎಣ್ಣು ಯಾರೂ ಇರ್ಲಿಲ್ಲ. ನೀನು ಏಳ್ತಿದ್ದದ್ದೇ ನಿಜ."

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಮನ್ಸು ನೋಯ್ತದೆ ಅಂತ ಇಂಗಂತೀಯ, ಬುಡು ಮಗ. ಓದ್ದೋನು ನೀನು, ಸುಳ್ಳು ಏಳ್ತೀಯಾ?"

ನನ್ನ ಕೈ ಬಿಡಿಸಿಕೊಂಡು, ಬಳೆಗಳನ್ನು ಒಂದೊಂದಾಗಿ ಒದ್ದೆ ಮಣ್ಣಿನ ಮೇಲಿಟ್ಟಳು.